ತಿದ್ದುವ ಕೈ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಹಾಲಯ್ಯಜ್ಜ ಎಂಬ ಗುರು. ಮಾತು ಬಹಳ ಕಡಿಮೆ. ಕೈಗೆ ಮಾತ್ರ ಬಿಡುವಿರಲಿಲ್ಲ, ಸದಾ ದೀಪದ ಬತ್ತಿ ಹೊಸೆಯುತ್ತಿತ್ತು.

ಅವರ ಶಿಷ್ಯ ಮುರಿಗೆಪ್ಪ. ಓದು ಮುಗಿಸಿದ್ದ. ಲೆಕ್ಕ, ಬಾಯಿಪಾಠ, ವ್ಯಾಕರಣ, ಎಲ್ಲದರಲ್ಲೂ ಮುಂದು. ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಮಕ್ಕಳಿಗೆ ಅಕ್ಷರ ಕಲಿಸುವವರನ್ನು ಆ ಸೀಮೆಯಲ್ಲಿ ಐಗಳು ಎನ್ನುತ್ತಿದ್ದರು. ಓದು ಮುಗಿದ ಮಾತ್ರಕ್ಕೆ ಯಾರೂ ಐಗಳಾಗುತ್ತಿರಲಿಲ್ಲ. ಹೊಸಬ ಮೊದಲ ಮಳೆಗಾಲವನ್ನು ಮಠದ ಪಡಸಾಲೆಯಲ್ಲೇ ಕಳೆಯಬೇಕು. ಅವನು ಪಾಠ ಹೇಳಬೇಕು, ಅಜ್ಜ ಕಂಬಕ್ಕೊರಗಿ ಕೂತು ನೋಡಬೇಕು. ಅಜ್ಜ ಹೂಂ ಅಂದಮೇಲೆಯೇ ಬೇರೆ ಊರಿನ ದಾರಿ.

ಹೊಳೆಯಾಚೆಯ ಊರಿನವರು ಆಗಲೇ ಬಂದು, ನಮಗೊಬ್ಬ ಐಗಳನ್ನು ಕೊಡಿ ಎಂದು ಕೇಳಿ ಹೋಗಿದ್ದರು. ಆ ಊರು ತನ್ನದಾಗಬೇಕೆಂದು ಮುರಿಗೆಪ್ಪನಿಗೆ ಬಲು ಆಸೆ. ಆಗದಿದ್ದರೆ ಮನೆಗೆ ಮರಳಿ, ಅಣ್ಣನ ಗಾಣದ ಎತ್ತಿನ ಹಿಂದೆ ಸುತ್ತಬೇಕು.

ಮೊದಲ ದಿನ ಅಜ್ಜ ಹೇಳಿದ್ದು ಇಷ್ಟೇ.

"ಮಕ್ಕಳಿಗೆ ತಿದ್ದೋದು ಒಂದು ಬಿಡಬ್ಯಾಡಪಾ."

ಮುರಿಗೆಪ್ಪ ಬಿಡಲಿಲ್ಲ. ಮಕ್ಕಳು ನೆಲದ ಮೇಲೆ ಉಸುಕು ಹರವಿ ಬೆರಳಿನಿಂದ ಅಕ್ಷರ ಬರೆಯುತ್ತಿದ್ದರು. ಅವನು ಕೈ ಹಿಂದೆ ಕಟ್ಟಿಕೊಂಡು ಸಾಲಿನ ನಡುವೆ ಓಡಾಡುತ್ತಿದ್ದ. ಎಲ್ಲಿ ತಪ್ಪು ಕಂಡರೂ ಬಗ್ಗಿ ಅಂಗೈಯಿಂದ ಒರೆಸಿಬಿಡುತ್ತಿದ್ದ.

"ತಪ್ಪು. ಮತ್ತ ಬರಿ."

ಒಂದೂ ತಪ್ಪು ಅವನ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಇದು ಅಜ್ಜನಿಗೂ ಕಾಣುತ್ತಿರಬೇಕು ಎಂದು ಒಳಗೊಳಗೇ ಹಿಗ್ಗುತ್ತಿದ್ದ. ಅಜ್ಜ ಬತ್ತಿ ಹೊಸೆಯುತ್ತಿದ್ದರು.

ಮಕ್ಕಳ ಸಾಲಿನಲ್ಲಿ ಅಂಬಿಗರ ನೀಲವ್ವ ಎಂಬ ಪುಟ್ಟ ಹುಡುಗಿ. ಅವಳ ಅಪ್ಪ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಅವಳು ಬರೆದ 'ಅ'ದ ಸುರುಳಿ ಒಳಗೆ ಬಾರದೆ ಹೊರಗೇ ಓಡುತ್ತಿತ್ತು. ಮುರಿಗೆಪ್ಪ ಒರೆಸುತ್ತಿದ್ದ, ಅವಳು ಬರೆಯುತ್ತಿದ್ದಳು, ಮತ್ತೆ ಅವನು ಒರೆಸುತ್ತಿದ್ದ.

ಬರುಬರುತ್ತ ಅವನು ಹತ್ತಿರ ಬರುವುದರೊಳಗೆ ಅವಳೇ ಒರೆಸಿಕೊಳ್ಳತೊಡಗಿದಳು. ಆಮೇಲೆ ಬರೆಯುವುದನ್ನೇ ಬಿಟ್ಟು, ಸಾಪಾದ ಉಸುಕಿನ ಮುಂದೆ ಸುಮ್ಮನೆ ಕೂತಳು. ಕಡೆಗೊಂದು ದಿನ ಬರಲೇ ಇಲ್ಲ.

ಉಳಿದ ಮಕ್ಕಳ ಮುಂದೆಯೂ ಉಸುಕು ಸಾಪಾಗಿಯೇ ಇರುತ್ತಿತ್ತು. ಪಡಸಾಲೆ ತಣ್ಣಗಾಯಿತು. ಮೊದಮೊದಲು ಮುರಿಗೆಪ್ಪನಿಗೆ ಆ ಮೌನ ಖುಷಿ ಕೊಟ್ಟಿತು, ಮಕ್ಕಳು ಹದಕ್ಕೆ ಬಂದರು ಅಂದುಕೊಂಡ. ಆಮೇಲೆ ಅದೇ ಮೌನ ಕೇಳಿ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಅವನು ಅಜ್ಜನ ಮುಂದೆ ಬಂದು ನಿಂತ.

"ಅಜ್ಜಾರ, ಇದು ನನ್ನ ಕೈಲೆ ಆಗೂದಿಲ್ಲ. ಹೊಳಿಯಾಚಿನವ್ರಿಗೆ ಬ್ಯಾರೆ ಯಾರನ್ನರ ಕಳಸ್ರಿ."

ಅಜ್ಜ ತಲೆಯೆತ್ತಿ, ಏನಾಯಿತು ಎಂದು ಕೇಳಿದರು.

ಮುರಿಗೆಪ್ಪ ತುಂಬಿಕೊಂಡದ್ದನ್ನೆಲ್ಲ ಸುರಿದ. ನೀವು ಹೇಳಿದ್ದನ್ನೇ ಮಾಡಿದೆ, ಒಂದು ತಪ್ಪನ್ನೂ ಬಿಡದೆ ತಿದ್ದಿದೆ. ಆದರೂ ಹೀಗಾಯಿತು. ನೀವು ಇಷ್ಟು ದಿನ ಕಂಬಕ್ಕೆ ಆತು ಕೂತಿರಿ, ಒಂದು ಮಾತೂ ಆಡಲಿಲ್ಲ. ನನ್ನ ತಪ್ಪನ್ನು ಎತ್ತಿ ತೋರಿಸಿದ್ದರೆ ಆಗಲೇ ಸರಿಪಡಿಸಿಕೊಳ್ಳುತ್ತಿದ್ದೆ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಗುರುವಿನ ಮುಂದೆ ಅಷ್ಟು ಗಟ್ಟಿಯಾಗಿ ಅವನು ಎಂದೂ ಮಾತಾಡಿದವನಲ್ಲ.

ಅಜ್ಜ ಬತ್ತಿ ಕೆಳಗಿಟ್ಟರು.

"ತಪ್ಪು ತೋರಸ್ಲೇನು?"

"ತೋರಸ್ರಿ."

"ಹಂಗಾರ ಕೂಡು. ಅ ಬರಿ."

ಮುರಿಗೆಪ್ಪ ಉಸುಕಿನ ಮುಂದೆ ಕೂತು ಬರೆದ. ದುಂಡಗಿನ, ಚೆಂದದ 'ಅ'. ಅಜ್ಜ ಬಗ್ಗಿ ಅಂಗೈಯಿಂದ ಒರೆಸಿದರು.

"ಮತ್ತ ಬರಿ."

ಬರೆದ. ಒರೆಸಿದರು. ಸುರುಳಿ ಸಣ್ಣದಾಯಿತೇನೋ ಎಂದು ದೊಡ್ಡದು ಮಾಡಿದ. ಒರೆಸಿದರು. ದೊಡ್ಡದಾಯಿತೇನೋ ಎಂದು ಸಣ್ಣದು ಮಾಡಿದ. ಅದನ್ನೂ ಒರೆಸಿದರು. ಎಲ್ಲಿ ತಪ್ಪಿದೆ ಎಂದು ಕೇಳಿದರೆ ಮತ್ತೆ ಒರೆಸಿದರು.

ಹುಟ್ಟಿದಾಗಿನಿಂದ ಗೊತ್ತಿದೆ ಅನ್ನಿಸುತ್ತಿದ್ದ ಅಕ್ಷರ ಈಗ ಹೇಗಿರುತ್ತದೆ ಎಂಬುದೇ ಅವನಿಗೆ ಮರೆತುಹೋಯಿತು. ಬೆರಳು ಉಸುಕಿನ ಮೇಲೆ ಬಂದು ಅಲ್ಲೇ ನಿಂತಿತು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದು ಕಣ್ಣು ತುಂಬಿದವು.

"ಬರಿ ಮತ್ತ," ಎಂದರು ಅಜ್ಜ.

"ಬರದು ಏನ್ ಮಾಡ್ಲಿ ಅಜ್ಜಾರ? ಬರದದ್ದೆಲ್ಲಾ ನೀವು ಒರಸ್ತೀರಿ."

ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಬಿದ್ದು, ಮುರಿಗೆಪ್ಪನಿಗೆ ನೀಲವ್ವನ ಮುಂದಿನ ಸಾಪಾದ ಉಸುಕು ನೆನಪಾಯಿತು.

ಅಜ್ಜ ಎದ್ದು ಬಂದು ಅವನ ಬೆನ್ನ ಹಿಂದೆ ಕೂತರು. ಅವನ ಬಲಗೈ ಮೇಲೆ ತಮ್ಮ ಕೈ ಇಟ್ಟು, ಉಸುಕಿನಲ್ಲಿ ನಿಧಾನಕ್ಕೆ ಬೆರಳು ನಡೆಸಿದರು. ಮುದಿ ಕೈ ನಡುಗುತ್ತಿತ್ತು, ಅಕ್ಷರ ಸೊಟ್ಟಗೇ ಬಂತು. ಅದನ್ನು ಒರೆಸಲಿಲ್ಲ. ಅದರ ಮೇಲೆಯೇ ಇನ್ನೊಮ್ಮೆ, ಮತ್ತೊಮ್ಮೆ ಬೆರಳು ಹಾಯಿಸಿದರು.

"ಇದಕ್ಕ ಏನಂತಾರ?"

ಮುರಿಗೆಪ್ಪ ಉಸುಕಿನ ಮೇಲಿನ ಸೊಟ್ಟ ಅಕ್ಷರವನ್ನು ನೋಡಿದ.

"ತಿದ್ದೋದು ಅಂತಾರ್ರೀ."

ಬರೆದ ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸುವುದಕ್ಕೂ ತಿದ್ದುವುದು ಅಂತಲೇ ಹೇಳುತ್ತಾರೆ ಎಂಬುದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಆದರೆ ಚಿಕ್ಕಂದಿನಲ್ಲಿ ಅಣ್ಣ ಬರೆಯುವುದನ್ನು ನೋಡಿ ನೋಡಿಯೇ ಅಕ್ಷರ ಕಲಿತವನು ಅವನು. ಅವನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಹಾಗಾಗಿ ತಿದ್ದು ಎಂದಾಗ ಅವನಿಗೆ ತಪ್ಪೇ ನೆನಪಾಗಿತ್ತು. ಜಾಣರದು ಇದೊಂದು ಫಜೀತಿ.

ಮೊದಲೇ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ಅವನು ಕೇಳಿದ. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ.

"ದಿನಾ ಹೇಳಿದ್ರ ನಿಂದೂ ಒರಸಿದಂಗ ಆಗ್ತಿತ್ತು. ನೀನ ಬಂದು ಕೇಳ್ತಿ ಅಂತ ಕಾಯ್ದೆ." ಅಜ್ಜ ನೀಲವ್ವ ಕೂರುತ್ತಿದ್ದ ಜಾಗದ ಕಡೆ ನೋಡಿದರು. "ಸ್ವಲ್ಪ ಹೆಚ್ಚ ಕಾಯ್ದೆ. ನೀಲವ್ವ ಬಿಟ್ಟು ಹೋತು."

ಅಂದೇ ಸಂಜೆ ಮುರಿಗೆಪ್ಪ ಅಂಬಿಗರ ಮನೆಗೆ ಹೋದ. ನೀಲವ್ವ ಅವನನ್ನು ಕಂಡದ್ದೇ ತಾಯಿಯ ಸೆರಗಿನ ಹಿಂದೆ ಸರಿದಳು. ಮಠಕ್ಕೆ ಬಾ ಎಂದು ಅವನು ಕರೆಯಲಿಲ್ಲ. ಇವತ್ತು ಅಜ್ಜಾರು ನಾ ಬರೆದ 'ಅ' ಒರೆಸಿಬಿಟ್ಟರು ಎಂದು ಮಾತ್ರ ಹೇಳಿದ.

ಸೆರಗಿನ ಹಿಂದಿನಿಂದ ಒಂದು ಕಣ್ಣು ಇಣುಕಿತು.

"ಎಷ್ಟ ಸಲ?"

"ಭಾಳ ಸಲ."

"ಅತ್ರೇನ್ರೀ?"

"ಅಳು ಬಂತು ನೋಡವಾ."

ನೀಲವ್ವ ಅದನ್ನು ಕುರಿತು ಯೋಚಿಸಿದಳು. ಮರುದಿನ ಎಲ್ಲರಿಗಿಂತ ಮೊದಲೇ ಬಂದು ಉಸುಕಿನ ಮುಂದೆ ಕೂತಿದ್ದಳು.

ಅಲ್ಲಿಂದ ಪಾಠ ನಿಧಾನವಾಯಿತು. ಒಂದೊಂದೇ ಮಗುವಿನ ಹಿಂದೆ ಕೂತು, ಕೈಮೇಲೆ ಕೈಯಿಟ್ಟು ತಿದ್ದಿಸಬೇಕು. ಬೆನ್ನು ನೋಯುತ್ತಿತ್ತು, ಮೊಣಕಾಲು ಹಿಡಿಯುತ್ತಿತ್ತು. ಪಡಸಾಲೆಯಲ್ಲಿ ಗದ್ದಲವೋ ಗದ್ದಲ. ಅಜ್ಜನೂ ಮೊದಮೊದಲು ಒಂದು ಸಾಲು ಹಂಚಿಕೊಂಡರು, ಆಮೇಲೆ ಮತ್ತೆ ಕಂಬದ ಬಳಿ ಹೋಗಿ ಕೂತರು. ಏನಾದರೂ ಎಡವಟ್ಟಾದರೆ ಮುರಿಗೆಪ್ಪ ತಿರುಗಿ ಅತ್ತ ನೋಡುತ್ತಿದ್ದ. ಅಜ್ಜ ತಲೆಯಾಡಿಸುತ್ತಿದ್ದರು, ಅವನಿಗೆ ಧೈರ್ಯ ಬರುತ್ತಿತ್ತು. ಬರುಬರುತ್ತ ಮಕ್ಕಳ ಗದ್ದಲದಲ್ಲಿ ತಿರುಗಿ ನೋಡುವುದೇ ಅಪರೂಪವಾಯಿತು.

ಮಳೆ ಹಿಂದಾಯಿತು. ಹೊಳೆಯ ನೀರು ತಿಳಿಯಾಯಿತು. ಹೊಳೆಯಾಚೆಯ ಊರಿನವರು ಮತ್ತೆ ಹೇಳಿಕಳಿಸಿದರು.

ಆ ಸಂಜೆ ಮುರಿಗೆಪ್ಪ ಅಜ್ಜನನ್ನು ಹುಡುಕಿಕೊಂಡು ಹೊಳೆಗೆ ಬಂದ. ಅಜ್ಜ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟಿದ್ದರು. ಅವನೂ ಪಕ್ಕದಲ್ಲಿ ಕೂತ.

ನೀಲವ್ವನ ಬೆರಳು ಈಗ ತನ್ನ ಕೈಯನ್ನು ದೂಡುತ್ತಿದೆ ಎಂದು ಹೇಳಿದ. ಆದರೂ ಕೈ ತೆಗೆಯಲು ಮನಸ್ಸು ಬರುತ್ತಿಲ್ಲ, ತೆಗೆದರೆ ಸುರುಳಿ ಮತ್ತೆ ಹೊರಗೆ ಹೋದೀತು, ಹುಡುಗಿ ಮತ್ತೆ ಹೆದರೀತು. ಆಮೇಲೆ, ನಿಜವಾಗಿ ಕೇಳಬೇಕೆಂದು ಬಂದದ್ದನ್ನು ಕೇಳಿದ.

"ಆಚಿ ಊರಾಗ ಕಂಬದ ಕಡೆ ತಿರುಗಿ ನೋಡಿದ್ರ ನೀವು ಇರೂದಿಲ್ಲ. ನನಗ ಅಂಜಿಕಿ ಆಗತೈತ್ರೀ. ಅಜ್ಜಾರ, ಮ್ಯಾಲಿನ ಕೈ ಯಾವಾಗ ತಗೀಬೇಕು?"

ಅಜ್ಜ ಕಾಲು ಒರೆಸಿಕೊಂಡು ಎದ್ದರು.

"ಅಮಾಸಿ ಆದಾಗಿಂದ ನಾ ಆ ಕಂಬದ ಹತ್ರ ಕೂತೇ ಇಲ್ಲ. ನೀ ನೋಡೀಯೇನು?"