ಹಿತ್ತಿಲ ಅಂಗಡಿ

"ಗುರುಗಳೇ, ಒಬ್ಬ ವಾರವಾದರೂ ಮುಗಿಸದ ಕೆಲಸವನ್ನು ಇನ್ನೊಬ್ಬ ಒಂದೇ ಸಂಜೆಯಲ್ಲಿ ಮುಗಿಸಿದರೆ, ಇಬ್ಬರಲ್ಲಿ ಹೆಚ್ಚಿನವನು ಯಾರು?"

ಕೇಳಿದವನು ಮಲ್ಲಿನಾಥ. ಗುರುಗಳು ಅವನ ಮುಖ ನೋಡಿದರು. "ಒಬ್ಬ, ಇನ್ನೊಬ್ಬ ಅಂತ ಯಾಕೆ ಸುತ್ತಿ ಬಳಸುತ್ತೀಯ? ಹೆಸರು ಹೇಳು" ಎಂದರು.

ಮಲ್ಲಿನಾಥ ಹೇಳಿದ. ಮಠದ ವೆಬ್‌ಸೈಟನ್ನು ಹೊಸದು ಮಾಡುವ ಕೆಲಸವನ್ನು ಗುರುಗಳು ಗಂಗಯ್ಯನಿಗೆ ಒಪ್ಪಿಸಿದ್ದರು. ಗಂಗಯ್ಯ ವೆಬ್‌ಸೈಟಿನದೇ ಒಂದು ನಕಲನ್ನು ಹೊರಗಿನವರಿಗೆ ಕಾಣದ ಕಡೆ ಇಟ್ಟುಕೊಂಡು, ಏನೇ ಬದಲಾಯಿಸಿದರೂ ಮೊದಲು ಅಲ್ಲಿ ಬದಲಾಯಿಸಿ, ಒತ್ತಿ ನೋಡಿ, ಕೆಡಿಸಿ, ಮತ್ತೆ ಮಾಡುತ್ತ ಕೂತಿದ್ದ. ನಿನ್ನೆ ಅವನು ಊಟಕ್ಕೆ ಎದ್ದಾಗ ಮಲ್ಲಿನಾಥ ಆ ನಕಲನ್ನು ನೋಡಿದ. ತುಂಬ ಚೆನ್ನಾಗಿತ್ತು. ಇವತ್ತು ಸಂಜೆ ಅದನ್ನು ಇದ್ದ ಹಾಗೇ ಎತ್ತಿ ಲೋಕಕ್ಕೆಲ್ಲ ಕಾಣುವಂತೆ ಹಾಕಿಬಿಟ್ಟ. ಮಠದ ಸಮಾವೇಶಕ್ಕೆ ಬರುವ ಭಕ್ತರು ನಾಳೆ ಬೆಳಿಗ್ಗೆಯಿಂದ ಕೋಣೆ ಕಾದಿರಿಸಬೇಕಾದದ್ದು ಅದರಲ್ಲೇ.

"ಅವನಿಗೆ ಎಲ್ಲದರಲ್ಲೂ ಅನುಮಾನ, ಗುರುಗಳೇ. ಆದರೂ ಎಲ್ಲರ ಬಾಯಲ್ಲೂ ಗಂಗಯ್ಯ, ಗಂಗಯ್ಯ. ನನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ."

"ಉರಿಯುತ್ತದೆ ಅಂತ ಒಪ್ಪಿಕೊಂಡೆಯಲ್ಲ, ಪುಣ್ಯಾತ್ಮ! ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಪೇಟೆ. ಅಲ್ಲಿ ಅಕ್ಕಪಕ್ಕದಲ್ಲೇ ಎರಡು ದಿನಸಿ ಅಂಗಡಿ. ಒಬ್ಬನನ್ನು ಮೂಲೆಯವನು ಅನ್ನೋಣ, ಇನ್ನೊಬ್ಬನನ್ನು ಪಕ್ಕದವನು ಅನ್ನೋಣ. ಪಕ್ಕದವನಿಗೆ ಏನು ಕಡಿಮೆಯಾಗಿತ್ತು? ಏನೂ ಇಲ್ಲ. ಅವನ ಅಂಗಡಿಯ ಡಬ್ಬಿಗಳು ಹಳೆಯವು, ಒಂದರ ಹಾಗೆ ಇನ್ನೊಂದಿಲ್ಲ. ಸಕ್ಕರೆ ತಗಡಿನ ಡಬ್ಬಿಯಲ್ಲಿ, ಉಪ್ಪು ಬಾಯಿ ಒಡೆದ ಜಾಡಿಯಲ್ಲಿ. ಆದರೆ ಕಣ್ಣು ಮುಚ್ಚಿದರೂ ಅವನ ಕೈ ತಪ್ಪುತ್ತಿರಲಿಲ್ಲ. ಗಿರಾಕಿಗಳೂ ಬರುತ್ತಿದ್ದರು. ಆದರೆ ಮೂಲೆಯವನ ಅಂಗಡಿಯ ಮುಂದೆ ನಾಲ್ಕು ಜನ ನಿಂತರೆ ಸಾಕು, ಇವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವರು ಅಲ್ಲಿ ನಕ್ಕರೆ ತನ್ನನ್ನೇ ನೋಡಿ ನಕ್ಕರು ಅಂದುಕೊಳ್ಳುತ್ತಿದ್ದ. ತನ್ನ ತಕ್ಕಡಿ ಹಿಡಿದುಕೊಂಡೇ ಪಕ್ಕದ ತಕ್ಕಡಿಯ ಸದ್ದು ಕೇಳುತ್ತಿದ್ದ. ಅಯ್ಯೋ, ಅದೂ ಒಂದು ಬಾಳೇ!

ಯುಗಾದಿ ಹತ್ತಿರ ಬಂತು. ಮೂಲೆಯವನು ಅಂಗಡಿಯನ್ನು ಹೊಸ ರೀತಿಯಲ್ಲಿ ಜೋಡಿಸಬೇಕು ಅಂದುಕೊಂಡ. ಅಂಗಡಿಯನ್ನು ಮುಟ್ಟಲಿಲ್ಲ. ಹಿತ್ತಿಲಲ್ಲಿ ಒಂದು ಚಪ್ಪರ ಹಾಕಿ, ಅಂಗಡಿಯಷ್ಟೇ ಅಗಲದಲ್ಲಿ ಹಲಗೆಗಳನ್ನು ಹೊಡೆದು, ಹೊಸ ಗಾಜಿನ ಭರಣಿಗಳನ್ನು ಸಾಲಾಗಿ ಇಟ್ಟ. ಎಲ್ಲವೂ ಒಂದೇ ಅಳತೆ, ಎಲ್ಲದಕ್ಕೂ ಕೆಂಪು ಮುಚ್ಚಳ.

ಪಕ್ಕದವನು ಏಣಿ ಹಾಕಿ ಗೋಡೆಯ ಮೇಲಿಂದ ಇಣುಕಿದ. ಬಿಸಿಲಿಗೆ ಭರಣಿಗಳು ಫಳಫಳ ಹೊಳೆಯುತ್ತಿದ್ದವು. "ಇದನ್ನು ಅಂಗಡಿಗೆ ತಂದನೋ, ನಾನು ಕೆಟ್ಟೆ" ಅಂದುಕೊಂಡ. ಯಾವ ಭರಣಿಯ ಪಕ್ಕದಲ್ಲಿ ಯಾವುದಿದೆ ಎಂದು ಮನಸ್ಸಿನಲ್ಲೇ ಬರೆದುಕೊಂಡು ಸರಸರ ಇಳಿದು ಹೋದ.

ಇನ್ನೊಂದು ಗಳಿಗೆ ನಿಂತಿದ್ದರೆ ಮುಂದಿನದನ್ನೂ ನೋಡುತ್ತಿದ್ದ. ಮೂಲೆಯವನು ತನ್ನ ಹೆಂಡತಿಯನ್ನೂ ಅತ್ತೆಯನ್ನೂ ನಾದಿನಿಯನ್ನೂ ಹಿತ್ತಿಲಿಗೆ ಕರೆದ. "ಹಬ್ಬದ ಗಿರಾಕಿಗಳ ಹಾಗೆ ಒಟ್ಟಿಗೇ ಕೂಗಿ, ಬೈದರೂ ಪರವಾಗಿಲ್ಲ" ಅಂದ. ಅವರು ಬಿಡುತ್ತಾರೆಯೇ? ಸಕ್ಕರೆ ಅಂತ ಒಬ್ಬಳು, ರವೆ ಅಂತ ಒಬ್ಬಳು, ಎಷ್ಟು ಹೊತ್ತಯ್ಯಾ ನಿಂತಿರೋದು ಅಂತ ಅತ್ತೆ! ಆ ಗಲಾಟೆಯಲ್ಲಿ ಅವನ ಕೈ ಸಕ್ಕರೆಗೆಂದು ಹೋಗಿ ಉಪ್ಪಿನ ಭರಣಿಯ ಮೇಲೆ ಬಿತ್ತು. ಎರಡೂ ಬಿಳುಪು, ಎರಡೂ ಪುಡಿ, ಮುಚ್ಚಳ ಒಂದೇ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಉಪ್ಪನ್ನು ಹಳೆಯ ಮಣ್ಣಿನ ಗಡಿಗೆಗೇ ಸುರಿದು ಕೆಳಗಿಟ್ಟ.

ಪಕ್ಕದವನಿಗೆ ಇದೊಂದೂ ಗೊತ್ತಿಲ್ಲ. ಅವನು ಆಗಲೇ ತನ್ನ ಹಳೆಯ ಡಬ್ಬಿಗಳನ್ನು ಗುಜರಿಗೆ ಹಾಕಿದ್ದ. ಹಬ್ಬದ ಹಿಂದಿನ ದಿನ ಅವನ ಅಂಗಡಿ ಗಾಜಿನಿಂದ ಹೊಳೆಯಿತು. ಪೇಟೆಯೇ ಅಲ್ಲಿಗೆ ಬಂತು. ಮೂಲೆಯವನ ಅಂಗಡಿ ಭಣಗುಟ್ಟಿತು. ಪಕ್ಕದವನು ಎರಡೂ ಕೈಯಲ್ಲಿ ಅಳೆದು ಅಳೆದು ಕೊಟ್ಟ. ಅವತ್ತು ಅವನಿಗೆ ಅನ್ನ ಚೆನ್ನಾಗಿ ಇಳಿಯಿತು.

ಹಬ್ಬದ ಮಧ್ಯಾಹ್ನ ಒಬ್ಬಳು ಹೆಂಗಸು ಪಾತ್ರೆ ತಂದು ಅವನ ಮುಂದೆ ಕುಕ್ಕಿದಳು. ಮಗಳ ಮದುವೆ ಗೊತ್ತಾಗಿ, ಹೊಸ ಬೀಗರನ್ನು ಊಟಕ್ಕೆ ಕರೆದಿದ್ದಳು.

"ಕುಡಿಯಪ್ಪಾ ಪಾಯಸ. ಬೀಗರು ಒಂದು ಗುಟುಕಿಗೇ ಎಲೆ ಬಿಟ್ಟು ಎದ್ದರು. ನೀನಾದರೂ ಪೂರ್ತಿ ಕುಡಿ!"

ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಓಣಿಯ ತುಂಬ ಪಾತ್ರೆಗಳು. ಅಷ್ಟು ವರ್ಷ ಅವನ ಕೈಯನ್ನು ನಂಬಿದ್ದ ಮನೆಗಳು ಆ ಒಂದು ಮಧ್ಯಾಹ್ನದಲ್ಲಿ ಕೈಬಿಟ್ಟವು. ಅವನು ಮೂಲೆಯವನ ಅಂಗಡಿಗೆ ನುಗ್ಗಿದ.

"ಪಾಪಿ! ನನ್ನನ್ನು ಹಾಳು ಮಾಡಬೇಕು ಅಂತಲೇ ಹಾಗೆ ಜೋಡಿಸಿದ್ದೆ ಅಲ್ಲವಾ?"

ಮೂಲೆಯವನು ಬೆಪ್ಪಾಗಿ ನೋಡಿದ. "ನನಗೇ ಇನ್ನೂ ಅನುಮಾನ ಇತ್ತು, ಮಾರಾಯ. ಅದಕ್ಕೇ ಅಲ್ಲವಾ ಹಿತ್ತಿಲಲ್ಲಿ ಇಟ್ಟದ್ದು?"

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮಲ್ಲಿನಾಥ, "ಆದರೆ ಗುರುಗಳೇ, ನಾನು ಹಾಕಿದ್ದು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಒಮ್ಮೆ ನೋಡಿ" ಎಂದು ಫೋನನ್ನು ಮುಂದೆ ಚಾಚಿದ.

ಗುರುಗಳು ಫೋನನ್ನು ಮುಟ್ಟಲಿಲ್ಲ.

"ಅದರಲ್ಲಿ ಉಪ್ಪು ಯಾವ ಭರಣಿಯಲ್ಲಿದೆ, ಮಲ್ಲಿನಾಥ?"