ಹೇಳದೆ ಹೋದವರು

"ಬುದ್ಧಿ, ನೋಡಿ ಸುಮ್ಮನೆ ಹೋಗುವವರನ್ನು ಏನೆಂದು ತಿಳಿಯಬೇಕು?" ಎಂದು ಷಡಕ್ಷರಿ ಕೇಳಿದ.

ಷಡಕ್ಷರಿ ಮಠದ ಶಿಷ್ಯ. ಸ್ವಾಮಿಗಳ ಪ್ರವಚನವನ್ನು ಫೋನಿನಲ್ಲಿ ಹಿಡಿದು ಮಠದ ಪುಟಕ್ಕೆ ಹಾಕುವುದು ಅವನ ಕೆಲಸ. ಆ ದಿನ ಅವನ ಮುಖ ಬಾಡಿತ್ತು. ಹಿಂದಿನ ದಿನದ ಪ್ರವಚನವನ್ನು ನಾಲ್ಕು ಸಾವಿರ ಜನ ನೋಡಿದ್ದರು. ಬಂದದ್ದು ಮೂವತ್ತೊಂದು ಲೈಕು, ಎರಡು ಕಮೆಂಟು. ಎರಡರಲ್ಲಿ ಒಂದು, ಯಾರದೋ ಮನೆ ಬಾಡಿಗೆಗಿದೆ ಎಂಬುದು.

"ಲೈಕು ಕೊಟ್ಟವರಿಗೆ ಮಾತು ಮುಟ್ಟಿತು ಎಂದುಕೊಳ್ಳುತ್ತೇನೆ. ಬೈದವರಿಗೂ ಮುಟ್ಟಿತು ಎಂದುಕೊಳ್ಳಬಹುದು. ಉಳಿದವರು ಒಂದು ಮಾತೂ ಹೇಳದೆ ಹೋದರಲ್ಲ ಬುದ್ಧಿ, ಅವರಿಗಾಗಿ ನಾನು ಯಾಕೆ ಒದ್ದಾಡಬೇಕು?"

ಸ್ವಾಮಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಕೂತುಕೋ. ಮೊದಲು ಆ ಫೋನನ್ನು ಬೋರಲು ಹಾಕು. ಕತೆ ಹೇಳುವಾಗ ಅದು ನನ್ನನ್ನೇ ನೋಡುತ್ತಾ ಇದ್ದರೆ ನನಗೆ ಆಗುವುದಿಲ್ಲ" ಎಂದರು. ಷಡಕ್ಷರಿ ಹಾಗೆಯೇ ಮಾಡಿದ. ಸ್ವಾಮಿಗಳು ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಹೆಸರು ಹೇಳುವುದಿಲ್ಲ. ಹೇಳಿದರೆ ನೀನು ಈಗಲೇ ಹುಡುಕಿ ಅವನಿಗೆ ಎಷ್ಟು ನಕ್ಷತ್ರ ಬಂದಿದೆ ಎಂದು ನೋಡುತ್ತೀಯ. ಅವನದು ಗ್ರಂಥಿಗೆ ಅಂಗಡಿ. ಮದುವೆಗೆ, ನಾಮಕರಣಕ್ಕೆ, ಪೂಜೆಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತಿತ್ತು. ಸಾವಿಗೆ ಬೇಕಾದದ್ದೂ ಅಲ್ಲೇ. ಅವನ ಅಪ್ಪ ಇಟ್ಟ ಅಂಗಡಿ.

ಸಾವಿನ ಸಾಮಾನಿಗೆ ಬಂದವರ ವಿಷಯದಲ್ಲಿ ಆ ಅಂಗಡಿಯಲ್ಲಿ ಒಂದು ರೀತಿ ಇತ್ತು. ಅವರನ್ನು "ಬನ್ನಿ" ಎನ್ನುತ್ತಿರಲಿಲ್ಲ. ಹೆಸರು ಕೇಳುತ್ತಿರಲಿಲ್ಲ. ಏನೇನು ಬೇಕೆಂದು ಅವರ ಬಾಯಿಂದ ಹೇಳಿಸುತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು, ವ್ಯಾಪಾರಿ ತಾನೇ ಕಟ್ಟಿಕೊಡುತ್ತಿದ್ದ. ಹೋಗುವಾಗ "ಮತ್ತೆ ಬನ್ನಿ" ಎನ್ನುತ್ತಿರಲಿಲ್ಲ. ಅವರೂ "ಬರುತ್ತೇನೆ" ಎನ್ನದೆ, ತಿರುಗಿ ನೋಡದೆ ಹೋಗುತ್ತಿದ್ದರು. ಸಾವಿನ ಮನೆಯಿಂದ ನಾವೆಲ್ಲ ಹೇಳದೆ ಎದ್ದು ಬರುತ್ತೇವಲ್ಲ, ಹಾಗೆ. ಚಟ್ಟ ಕಟ್ಟಲು ಜನವಿಲ್ಲದ ಮನೆಯಾದರೆ ವ್ಯಾಪಾರಿ ಅಂಗಡಿ ಬಾಗಿಲು ಎಳೆದು ತಾನೇ ಹೋಗಿ ಕಟ್ಟಿಕೊಡುತ್ತಿದ್ದ. ಅದೂ ಅಪ್ಪನಿಂದ ಕಲಿತದ್ದು.

ಹೀಗಿರುವಾಗ ಅವನು ಯಾವುದೋ ಊರಿಗೆ ಹೋಗಿ ಎರಡು ದಿನದ ಮಾರ್ಕೆಟಿಂಗ್ ಶಿಬಿರ ಮುಗಿಸಿ ಬಂದ. ಅಲ್ಲಿ ಕೊರಳಿಗೆ ಹಾಕಿದ್ದ ಹೆಸರಿನ ಚೀಟಿಯನ್ನು ಒಂದು ವಾರ ತೆಗೆಯಲಿಲ್ಲವಂತೆ. ಅಂಗಡಿಗೆ ಪುಟ ಬಂತು, ವಿಡಿಯೊ ಬಂತು. ಕುಂಕುಮದ ರಾಶಿಯ ಮುಂದೆ ನಿಂತು, ಆ ವಾರ ಎಲ್ಲರೂ ಯಾವ ಹಾಡಿಗೆ ಕೈ ಆಡಿಸುತ್ತಿದ್ದರೋ ಅದಕ್ಕೆ ಇವನೂ ಆಡಿಸಿದ. ನಗಬೇಡ, ನಿನ್ನೆ ನನ್ನ ಪ್ರವಚನದ ಹಿಂದೆ ತಮಟೆ ಹಾಕಿದವನು ನೀನು. ಅವನ ಅಂಗಡಿಗೆ ಹೊಸ ಜನ ಬಂದರು. ಒಳ್ಳೆಯದೇ ಆಯಿತು, ನಾನೇನು ಬೇಡವೆನ್ನುವುದಿಲ್ಲ.

ಶಿಬಿರದವರು ಒಂದು ಸಾಧನವನ್ನೂ ಕೊಟ್ಟಿದ್ದರು. ಬಿಲ್ ಹಾಕುವಾಗ ಗಿರಾಕಿಯ ಹೆಸರು, ಫೋನ್ ನಂಬರು ಒತ್ತಬೇಕು. ಮೂರನೆಯ ದಿನ ಅದು ತಾನಾಗಿಯೇ ಅವರಿಗೆ ಧನ್ಯವಾದ ಕಳಿಸುತ್ತದೆ, ನಕ್ಷತ್ರ ಕೇಳುತ್ತದೆ. ಕೇಳಿದರೆ ಜನ ಕೊಡುತ್ತಾರೆ ಕಣಪ್ಪಾ. ಐದರಲ್ಲಿ ನಾಲ್ಕೂಮುಕ್ಕಾಲು ನಕ್ಷತ್ರ ಬಂತು. ಬೆಳಿಗ್ಗೆ ಎದ್ದು ದೇವರ ಪಟ ನೋಡುವ ಮೊದಲು ವ್ಯಾಪಾರಿ ಅದನ್ನು ನೋಡತೊಡಗಿದ.

ಒಂದು ದಿನ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಸಾವಂತ್ರಮ್ಮ ಎಂದು ಹೆಸರು. ಅವಳ ಗಂಡ ಬಟ್ಟೆ ಹೊಲಿಯುವವನು, ಅಂದು ಬೆಳಿಗ್ಗೆ ತೀರಿಕೊಂಡಿದ್ದ. ಮಕ್ಕಳಿಲ್ಲ. ಅವಳ ತಮ್ಮನೊಬ್ಬ ದೂರದಿಂದ ಬರಬೇಕಿತ್ತು. ಕಳಿಸಲು ಯಾರೂ ಇಲ್ಲದೆ ಸಾಮಾನಿಗೆ ಅವಳೇ ಬಂದಿದ್ದಳು. ಗಂಡನ ಸಾವಿನ ಸಾಮಾನನ್ನು ಹೆಂಡತಿ ಬಂದು ಒಯ್ಯುವುದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

ವ್ಯಾಪಾರಿ ಏನೂ ಕೇಳದೆ ಬಿಳಿ ಬಟ್ಟೆ, ಮಡಕೆ, ಕರ್ಪೂರ ಎಲ್ಲವನ್ನೂ ಕಟ್ಟಿದ. ಆದರೆ ಬಿಲ್ಲಿನ ಯಂತ್ರದ ಮುಂದೆ ಬಂದಾಗ ಅವನ ಬಾಯಿ ಅಭ್ಯಾಸಬಲದಿಂದ "ಹೆಸರು? ನಂಬರು?" ಎಂದಿತು. ಅವಳು ಯಾವ ಲೋಕದಲ್ಲಿದ್ದಳೋ, ಹೇಳಿದಳು. ಅವನ ಬೆರಳು ಒತ್ತಿತು. ಇಬ್ಬರಿಗೂ ಅದರ ಅರಿವಿರಲಿಲ್ಲ. ಆಮೇಲೆ ಅವನು ಬಾಗಿಲು ಎಳೆದು ಸಾಮಾನು ಹೊತ್ತು ಅವಳ ಹಿಂದೆ ಹೋದ. ಬಿದಿರು ತರಿಸಿದ, ಚಟ್ಟ ಕಟ್ಟಿದ, ತಮ್ಮ ಬಂದ ಮೇಲೆ ಮಸಣದವರೆಗೂ ಹೆಗಲು ಕೊಟ್ಟ. ಯಾರಿಗೂ ಹೇಳದೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡ.

ಮೂರನೆಯ ದಿನ ಆ ಮನೆಯಲ್ಲಿ ಹಾಲುತುಪ್ಪ. ನೆಂಟರು ಸೇರಿದ್ದರು. ಸಾವಂತ್ರಮ್ಮನ ಫೋನಿಗೆ ಒಂದು ಸಂದೇಶ ಬಂತು. ತಮ್ಮ ಅದನ್ನು ಗಟ್ಟಿಯಾಗಿ ಓದಿದ.

"ಪ್ರಿಯ ಸಾವಂತ್ರಮ್ಮ ಅವರೇ, ನಮ್ಮಲ್ಲಿ ಕೊಂಡಿದ್ದಕ್ಕೆ ಧನ್ಯವಾದಗಳು. ಆದಷ್ಟು ಬೇಗ ಮತ್ತೆ ಬನ್ನಿ. ಮುಂದಿನ ಸಲ ಇದೇ ಸಾಮಾನಿಗೆ ವಿಶೇಷ ರಿಯಾಯಿತಿ ಇದೆ. ನಿಮ್ಮ ಅನುಭವ ಹೇಗಿತ್ತು?"

ತಮ್ಮ ಅದರ ಫೋಟೊ ತೆಗೆದು ಊರ ಹೆಸರು, ಅಂಗಡಿಯ ಹೆಸರು ಬರೆದು ಹಾಕಿಬಿಟ್ಟ. ಅವನದು ತಪ್ಪೆಂದು ನಾನು ಹೇಳಲಾರೆ, ಹೊಟ್ಟೆ ಉರಿಯದೆ ಇರುತ್ತದೆಯೇ. ತನ್ನ ಜೊತೆ ಹೆಗಲು ಕೊಟ್ಟವನೇ ಆ ಅಂಗಡಿಯವನು ಎಂದು ಅವನಿಗೆ ತಿಳಿದಿರಲಿಲ್ಲ. ಯಾರೋ ನೆರೆಯವನು ಎಂದುಕೊಂಡಿದ್ದ.

ಸಂಜೆಯೊಳಗೆ ಅದು ನಾಡೆಲ್ಲ ಓಡಾಡಿತು. ಹೆಣದ ಮೇಲೆ ವ್ಯಾಪಾರ ಮಾಡುವವನು ಎಂದರು. ಆ ಊರು ಎಲ್ಲಿದೆ ಎಂದೇ ತಿಳಿಯದವರು ಒಂದೊಂದು ನಕ್ಷತ್ರ ಹಾಕಿದರು. ಈ ಅಂಗಡಿಯ ಊದುಬತ್ತಿಗೆ ವಾಸನೆಯೇ ಇಲ್ಲ ಎಂದು ಒಬ್ಬ ಬರೆದ, ಅವನು ಇರುವುದು ದುಬೈನಲ್ಲಿ. ವ್ಯಾಪಾರಿ ಕೂತು ಒಬ್ಬೊಬ್ಬರಿಗೂ ಉತ್ತರ ಬರೆದ. ಒಂದು ಉತ್ತರಕ್ಕೆ ಹತ್ತು ಬೈಗುಳ ಬಂತು. ಅವನ ಪರವಾಗಿ ಬರೆದವರು ಇನ್ನೂ ಕೆಟ್ಟದಾಗಿ ಬರೆದರು. ನಾಲ್ಕೂಮುಕ್ಕಾಲು ಇದ್ದದ್ದು ಎರಡೇ ದಿನಕ್ಕೆ ಒಂದೂವರೆಗೆ ಇಳಿಯಿತು.

ಶಿಬಿರದವರಿಗೆ ಫೋನ್ ಮಾಡಿದ. "ಸಾರ್, ಇಡೀ ರಾಜ್ಯ ನಿಮ್ಮ ಅಂಗಡಿ ಹೆಸರು ಹೇಳುತ್ತಿದೆ. ಇಂಥ ಅವಕಾಶ ಬಿಡಬಾರದು. ಕ್ಷಮೆ ಕೇಳಿ ಒಂದು ವಿಡಿಯೊ ಮಾಡಿ. ಸ್ವಲ್ಪ ಕಣ್ಣೀರು ಬಂದರೆ ಚೆನ್ನಾಗಿರುತ್ತದೆ" ಎಂದರು ಅವರು. ಕಣ್ಣೀರು ಆಗಲೇ ಬರುತ್ತಿತ್ತು. ಅವನು ಫೋನ್ ಇಟ್ಟ.

ದೊಡ್ಡ ಪೆಟ್ಟು ಬಿದ್ದದ್ದು ಊರಲ್ಲಿ. ಅದು ಮದುವೆಯ ಕಾಲ. ಸತ್ತವರ ಮನೆಯವರಿಗೆ ಮತ್ತೆ ಬನ್ನಿ ಎಂದವನ ಕೈಯಿಂದ ಅರಿಸಿನ ಕುಂಕುಮ ಯಾರು ತೆಗೆದುಕೊಳ್ಳುತ್ತಾರೆ? ಒಬ್ಬರೂ ಬರಲಿಲ್ಲ. ಅಪ್ಪ ಇಟ್ಟ ಅಂಗಡಿಯನ್ನು ನನ್ನ ಕೈಯಾರೆ ಮುಚ್ಚಬೇಕಾಗಿ ಬಂತಲ್ಲ ಎಂದು ಅವನು ಕುಗ್ಗಿಹೋದ. ಮುಚ್ಚುವ ಮೊದಲು ಆ ತಾಯಿಯ ಕಾಲು ಹಿಡಿದು ಬರಬೇಕು ಎಂದುಕೊಂಡ. ಆದರೆ ಸೂತಕದ ಮನೆಗೆ ಹೋಗಿ ತನ್ನ ಗೋಳು ಹೇಳುವಂತಿಲ್ಲ. ಹನ್ನೊಂದನೆಯ ದಿನದ ತಿಥಿ ಮುಗಿಯಲಿ ಎಂದು ಕಾದ.

ಹನ್ನೆರಡನೆಯ ದಿನ ಬೆಳಿಗ್ಗೆ ಹೋಗಿ ಬಾಗಿಲಲ್ಲಿ ನಿಂತ. "ತಾಯಿ, ತಪ್ಪಾಯಿತು" ಎಂದ.

ಸಾವಂತ್ರಮ್ಮ ಒಳಗೆ ಕರೆದು ಕೂರಿಸಿದಳು. "ಅದನ್ನು ಓದಿದಾಗ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು ಅಣ್ಣ, ಸುಳ್ಳು ಯಾಕೆ ಹೇಳಲಿ. ತಮ್ಮನಿಗೆ ಎಲ್ಲ ತಿಳಿಸಿ ತೆಗೆಸಿದ್ದೇನೆ, ಅಷ್ಟರಲ್ಲಿ ಅದು ನೂರು ಕಡೆ ಹೋಗಿತ್ತಂತೆ. ಇವತ್ತು ನೀವು ಬಾರದಿದ್ದರೆ ನಾನೇ ಅಂಗಡಿಗೆ ಬರುವವಳಿದ್ದೆ. ಅವತ್ತು ನಮ್ಮ ಮನೆಯವರಿಗೆ ಹೆಗಲು ಕೊಡಲು ಮೂವರೇ ಇದ್ದರು. ನಾಲ್ಕನೆಯವರು ನೀವಾದಿರಿ. ಅವರ ತಲೆ ಒಂದು ಕಡೆ ವಾಲುತ್ತಿತ್ತು, ನಿಮ್ಮ ಹೆಗಲ ಮೇಲಿದ್ದ ಟವೆಲ್ ಮಡಿಸಿ ಕೆಳಗೆ ಇಟ್ಟಿರಿ. ನಾನು ನೋಡುತ್ತಿದ್ದೆ. ಕೈ ಮುಗಿದು ಒಂದು ಮಾತು ಹೇಳಬೇಕೆಂದು ಬಾಯಿತನಕ ಬಂತು. ಸಾವಿನ ಮನೆಯಿಂದ ಹೊರಟವರನ್ನು ಹಿಂದಿನಿಂದ ಕರೆಯಬಾರದಲ್ಲ, ನುಂಗಿಕೊಂಡೆ. ಅವತ್ತಿನಿಂದ ಅದು ಗಂಟಲಲ್ಲೇ ಇದೆ. ಈಗ ಸೂತಕ ಕಳೆಯಿತು, ಹೇಳಬಹುದು. ದೊಡ್ಡ ಉಪಕಾರವಾಯಿತು ಅಣ್ಣ."

ವ್ಯಾಪಾರಿ ಅಲ್ಲೇ ಅತ್ತುಬಿಟ್ಟ. ಬೈಸಿಕೊಳ್ಳಲು ಹೋಗಿದ್ದವನಿಗೆ ಈ ಮಾತು ತಡೆದುಕೊಳ್ಳಲು ಆಗಲಿಲ್ಲ. ಇದನ್ನೆಲ್ಲ ತಮ್ಮನ ಕೈಲಿ ಬರೆಸಿ ಹಾಕಿಸುತ್ತೇನೆ ಎಂದಳು ಅವಳು. "ಬೇಡ ತಾಯಿ. ನೀವು ನನಗೆ ಹೇಳಿದಿರಲ್ಲ, ಅಷ್ಟು ಸಾಕು" ಎಂದು ಎದ್ದು ಬಂದ.

ದಾರಿಯಲ್ಲಿ ಅವನಿಗೆ ಒಂದೊಂದೇ ಮುಖ ನೆನಪಾಯಿತು. ಮೂವತ್ತು ವರ್ಷದಲ್ಲಿ ಎಷ್ಟು ಜನ ಹಾಗೆ ತಿರುಗಿ ನೋಡದೆ ಹೋಗಿದ್ದರು. ಅವರೂ ಹೀಗೇ ನುಂಗಿಕೊಂಡಿದ್ದರೇನೋ. ತಾನು ಅವರನ್ನು ಮರೆತೇ ಬಿಟ್ಟಿದ್ದೆ ಎಂದು ಅವನಿಗೆ ನಾಚಿಕೆಯಾಯಿತು. ಅಂಥ ಹೊತ್ತಿನಲ್ಲಿ ತನ್ನ ಅಂಗಡಿಯನ್ನು ನಂಬಿ ಬಂದರಲ್ಲ ಎಂದು, ನಡೆಯುತ್ತಲೇ ಅವರೆಲ್ಲರಿಗೂ ಕೈ ಮುಗಿದ.

ಆ ದಿನ ಅಂಗಡಿ ಮುಚ್ಚಲು ಮನಸ್ಸಾಗದೆ ಬಾಗಿಲು ತೆಗೆದು ಕೂತ. ಸ್ವಲ್ಪ ಹೊತ್ತಿಗೆ ಒಬ್ಬ ರೈತ ಬಂದ. ಎಷ್ಟೋ ವರ್ಷದ ಹಿಂದೆ ಅವನ ತಾಯಿ ತೀರಿಕೊಂಡಾಗ ಈ ವ್ಯಾಪಾರಿಯೇ ಹೋಗಿ ಚಟ್ಟ ಕಟ್ಟಿದ್ದ. ರೈತ ಒಂದು ಚೀಟಿ ಮುಂದಿಟ್ಟ. ಮಗಳ ಮದುವೆಯ ಸಾಮಾನು. ಮೊದಲ ಸಾಲಿನಲ್ಲೇ ಅರಿಸಿನ ಕುಂಕುಮ.

"ನನ್ನ ವಿಷಯ ನಿಮ್ಮ ಕಿವಿಗೆ ಬಿದ್ದಿಲ್ಲವೇ?" ಎಂದ ವ್ಯಾಪಾರಿ.

"ಬಿದ್ದಿದೆ. ಅರಿಸಿನ ಒಳ್ಳೆಯದು ನೋಡಿ ಹಾಕಿ" ಎಂದ ರೈತ.

ಮರುದಿನ ಇನ್ನಿಬ್ಬರು ಬಂದರು. ಆಮೇಲೆ ಇನ್ನೊಂದು ಮನೆಯವರು. ಯಾರೂ ಹಳೆಯ ಮಾತು ಎತ್ತಲಿಲ್ಲ. ಯಾರೂ ನಕ್ಷತ್ರ ಕೊಡಲಿಲ್ಲ, ಅದನ್ನು ಎಲ್ಲಿ ಒತ್ತಬೇಕೆಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತೂ ಇಲ್ಲ. ಪುಟದಲ್ಲಿ ಇವತ್ತಿಗೂ ಒಂದೂವರೆಯೇ ಇದೆ. ಅಂಗಡಿಯೂ ಇದೆ.

ಸ್ವಾಮಿಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಮ್ಮ ಪುಟ ಮುಚ್ಚಿಬಿಡಲೇ ಬುದ್ಧಿ?" ಎಂದು ಷಡಕ್ಷರಿ ಕೇಳಿದ.

"ಯಾಕಪ್ಪಾ ಮುಚ್ಚುವುದು? ಅವನು ಮುಚ್ಚಿದನೇ? ತಾನಾಗಿ ಧನ್ಯವಾದ ಹೇಳುವ ಆ ಸಾಧನವೊಂದನ್ನು ತೆಗೆಸಿದ, ಅಷ್ಟೆ. ಈಗಲೂ ಕುಂಕುಮದ ಮುಂದೆ ನಿಂತು ಕೈ ಆಡಿಸುತ್ತಾನೆ. ದೂರದವರಿಗೆ ಮಾತು ಮುಟ್ಟಲು ಅದೊಂದು ದಾರಿ. ನೀನೂ ಹಾಕು. ತಮಟೆ ಮಾತ್ರ ಬೇಡ."

"ಆದರೂ ಬುದ್ಧಿ, ಸುಮ್ಮನೆ ಹೋದವರ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಹೇಗೆ ತಿಳಿಯಬೇಕು?"

ಸ್ವಾಮಿಗಳು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಒಂಬತ್ತು ವರ್ಷದಿಂದ ದಿನಾ ನನ್ನ ಸ್ನಾನಕ್ಕೆ ನೀರು ಕಾಯಿಸಿ ಇಡುತ್ತಿದ್ದೀಯಲ್ಲ ಷಡಕ್ಷರಿ, ನಾನು ಒಂದು ದಿನವಾದರೂ ನಿನಗೆ ಏನಾದರೂ ಹೇಳಿದ್ದುಂಟೇನಪ್ಪಾ?"