ಹೊಳೆಗೆ ಬಿದ್ದ ಬೀಗದ ಕೈ

ಪೇಟೆ ದಾಟಿ ಹೊಳೆಯ ದಂಡೆಗೆ ಬಂದರೆ ಒಂದು ಸಣ್ಣ ಮಠ. ಅಲ್ಲಿನ ಅಯ್ಯನವರದು ಮಾತು ಕಡಿಮೆ. ಸಮಾಧಾನ ಕೇಳಿಕೊಂಡು ಬಂದವರಿಗೆ ಅದೂ ಸಿಗುತ್ತಿರಲಿಲ್ಲ.

ಅವರ ಶಿಷ್ಯ ಸೋಮಲಿಂಗ, ಪೇಟೆಯ ನಡುವಿನ ಶಾಲೆಯೊಂದರಲ್ಲಿ ಹೆಡ್ ಮೇಷ್ಟ್ರು. ಒಂದು ಶನಿವಾರ ಶಾಲೆಗೆ ಬೀಗ ಹಾಕಿ, ಬೆವರು ಒರೆಸಿಕೊಳ್ಳುತ್ತ ನೇರ ಮಠಕ್ಕೆ ಬಂದ.

“ಬುದ್ಧೀ, ಶಾಲೆ ಅಂಗಳಕ್ಕೆ ಸಿಮೆಂಟ್ ಹಾಕಿಸ್ತಾರಂತೆ. ನಮ್ಮ ಕಮಿಟಿ ಅಧ್ಯಕ್ಷರ ಕಲ್ಯಾಣ ಮಂಟಪ ಪಕ್ಕದಲ್ಲೇ ಇದೆಯಲ್ಲ, ಅಲ್ಲಿಗೆ ಬರೋರ ಕಾರು ನಿಲ್ಲಿಸೋಕೆ ಜಾಗ ಬೇಕಂತೆ. ಮಕ್ಕಳಿಗೆ ಇರೋ ಮಣ್ಣು ಅದೊಂದೇ.”

“ಯಾವಾಗ?”

“ಅಮಾವಾಸ್ಯೆ ಕಳೀಲಿ ಅಂತ ಕಾಯ್ತಿದ್ದಾರೆ. ಅಧ್ಯಕ್ಷರು ತಿರುಪತಿಗೆ ಹೋಗಿದ್ದಾರೆ. ಬಂದ ತಕ್ಷಣ ಲಾರಿ ಬರುತ್ತೆ.”

“ಬೇಡ ಅಂದೆಯಾ?”

“ಅಂದೆ. ಅಲ್ಲೇನು ಬೆಳೆದಿದೆ ಅಂತ ಉಳಿಸೋದು ಅಂದ್ರು.”

ಬೆಳೆಯುವುದಾದರೂ ಹೇಗೆ? ಪ್ರತಿ ವರ್ಷ ಪರಿಸರ ದಿನಕ್ಕೆ ಒಬ್ಬ ಅತಿಥಿ ಬಂದು ಹೊಂಗೆ ಸಸಿ ನೆಡುತ್ತಿದ್ದರು. ಫೋಟೊ ಆಗುತ್ತಿತ್ತು. ಬೇಸಿಗೆಗೆ ಸಸಿ ಒಣಗುತ್ತಿತ್ತು. ಮರುವರ್ಷ ಹೊಸ ಅತಿಥಿ, ಹೊಸ ಸಸಿ. ಗುಂಡಿ ಮಾತ್ರ ಹಳೆಯದೇ.

“ಬೀದಿಯವರು ಒಂದು ಚೊಂಬು ನೀರು ಹಾಕಲ್ವ?”

“ಅವರಾ? ಗೋಡೆ ಮೇಲಿಂದ ಕಸ ಎಸೀತಾರೆ. ಅದಕ್ಕೇ ಗೋಡೆ ಎತ್ತರ ಮಾಡಿಸಿದೆ. ಗೇಟಿಗೆ ದಪ್ಪ ಬೀಗ ಹಾಕಿಸಿದೆ. ಬೋರ್ಡೂ ಬರೆಸಿದೆ. ಆದ್ರೂ ಎಸೆಯೋದು ನಿಂತಿಲ್ಲ.”

“ಬೋರ್ಡಲ್ಲಿ ಏನಂತ ಬರೆಸಿದೆ?”

“ಹೊರಗಿನವರಿಗೆ ಪ್ರವೇಶವಿಲ್ಲ.”

“ಸರಿಯಾಗೇ ಇದೆ. ಹೊರಗಿನವರು ಹೊರಗೆ ನಿಂತೇ ಎಸೀತಿದ್ದಾರೆ.”

ಸೋಮಲಿಂಗನಿಗೆ ಸಿಟ್ಟು ಬಂತು. ಗುರುವಿನ ಮುಂದೆ ತೋರಿಸುವ ಹಾಗಿಲ್ಲ, ಹಲ್ಲು ಕಚ್ಚಿಕೊಂಡ.

“ಬೀಗದ ಕೈ ಕೊಡು,” ಅಂದರು ಅಯ್ಯನವರು.

ಜೇಬಿನಿಂದ ತೆಗೆದು ಕೊಟ್ಟ. ಅವರು ಅದನ್ನು ಅಂಗೈಯಲ್ಲಿ ಒಂದು ಗಳಿಗೆ ತೂಗಿ ನೋಡಿ, ಹೊಳೆಗೆ ಎಸೆದರು.

“ಬುದ್ಧೀ, ಸೋಮವಾರ ಶಾಲೆ ತೆಗೀಬೇಕು. ಇನ್ನೊಂದು ಕೈ ಇರೋದು ಅಧ್ಯಕ್ಷರ ಹತ್ರ.”

“ಯಾರನ್ನಾದ್ರೂ ಕರಿ.”

“ಯಾರನ್ನ ಕರೀಲಿ?”

ಅಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಸ್ನಾನಕ್ಕೆ ಇಳಿದರು.

ಭಾನುವಾರ ಬೆಳಿಗ್ಗೆ ಸೋಮಲಿಂಗ ಶಾಲೆಯ ಎದುರಿನ ವೆಲ್ಡಿಂಗ್ ಅಂಗಡಿಯ ಅನ್ವರ್ ಸಾಬರ ಮುಂದೆ ಕೈಕಟ್ಟಿ ನಿಂತ. ಸಾಬರು ಬಂದು ಬೀಗ ಕತ್ತರಿಸಿದರು. ಕಿಡಿ ಹಾರುವುದನ್ನು ನೋಡಲು ಬೀದಿಯೇ ಕೂಡಿತು.

“ನಮ್ಮ ಹುಡುಗಿ ಇಲ್ಲೇ ಐದನೇ ಕ್ಲಾಸು, ಮೇಷ್ಟ್ರೆ. ನಾನು ಈ ಗೇಟು ದಾಟಿಲ್ಲ,” ಅಂದರು ಸಾಬರು.

‘ಆಯ್ತು, ಎಲ್ಲರೂ ಹೊರಡಿ’ ಅನ್ನುವ ಮಾತು ಸೋಮಲಿಂಗನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. “ಒಳಗೆ ಬನ್ನಿ,” ಅಂದ.

ಬಂದರು. ಗೋಡೆಯ ಈಚೆ ತಾವೇ ಎಸೆದ ಕಸದ ಗುಡ್ಡೆ ಕಂಡಿತು. ಇಡ್ಲಿ ಅಂಗಡಿಯ ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು.

“ಈ ಎಂಜಲೆಲೆ ನಮ್ಮಂಗ್ಡಿದು. ಬೇರೆಯೋರು ನಿಮ್ಮ ನಿಮ್ಮದು ನೋಡ್ಕಳಿ.”

ಸೋಮಲಿಂಗ ಸಿಮೆಂಟಿನ ವಿಷಯ ಹೇಳಿದ. ಹೇಳಿದ್ದು ಅಧ್ಯಕ್ಷರಿಗೆ ಗೊತ್ತಾದರೆ ತನ್ನ ಕೆಲಸ ಹೋಗುತ್ತದೆ ಎಂದೂ ಹೇಳಿದ.

“ನೀರಿಲ್ದೆ ಒಣಗಿರೋ ಅಂಗಳ ಕಂಡ್ರೆ ಯಾರಾದ್ರೂ ಸಿಮೆಂಟು ಸುರೀತಾರೆ,” ಅಂದಳು ಪುಟ್ಟತಾಯಮ್ಮ. “ಇಡ್ಲಿ ಅಕ್ಕಿ ತೊಳೆದ ಅಕ್ಕಚ್ಚು ದಿನಾ ಚರಂಡಿಗೆ ಚೆಲ್ತೀನಿ. ಮುಂಚೆ ಎಮ್ಮೆಯೋರು ಬಂದು ಒಯ್ತಿದ್ರು. ಈಗ ಬೀದೀಲಿ ಎಮ್ಮೆ ಎಲ್ಲಿದೆ? ಗಿಡಕ್ಕೇ ಹಾಕನ.”

ಅಂದಿನಿಂದ ಮಗುವನ್ನು ಬಿಡಲು ಬರುವ ತಾಯಂದಿರ ಕೈಯಲ್ಲಿ ಒಂದೊಂದು ತಂಬಿಗೆ ಅಕ್ಕಚ್ಚು. ಮನೆಯ ಡಬ್ಬಗಳಲ್ಲಿದ್ದ ನುಗ್ಗೆ, ಕರಿಬೇವು, ಬಸಳೆ ಅಂಗಳಕ್ಕೆ ಇಳಿದವು. ಹಳೆಯ ಗುಂಡಿಗೆ ಮತ್ತೆ ಹೊಂಗೆ ಬಂತು, ಈ ಸಲ ಅತಿಥಿಯಿಲ್ಲದೆ. ಕಸವೆಲ್ಲ ಮೂಲೆಯಲ್ಲಿ ತೋಡಿದ ಗೊಬ್ಬರದ ಗುಂಡಿಗೆ ಹೋಯಿತು. ‘ಹೊರಗಿನವರಿಗೆ ಪ್ರವೇಶವಿಲ್ಲ’ ಬೋರ್ಡನ್ನು ಅನ್ವರ್ ಸಾಬರು ಕಿತ್ತು ಆ ಗುಂಡಿಗೆ ಮುಚ್ಚಳ ಮಾಡಿದರು.

ಅಮಾವಾಸ್ಯೆ ಕಳೆಯಿತು. ತಲೆ ಬೋಳಿಸಿಕೊಂಡ ಅಧ್ಯಕ್ಷರು, ಹಿಂದೆ ಸಿಮೆಂಟಿನ ಲಾರಿ, ಗೇಟಿಗೆ ಬಂದರು. ಅಂಗಳದ ತುಂಬ ಜನ ಕೂತಿದ್ದರು. ಹೊಂಗೆ ಸಸಿಯ ಪಕ್ಕ ಅಯ್ಯನವರೂ ಕೂತಿದ್ದರು.

“ರೀ ಮೇಷ್ಟ್ರೇ, ಹೊರಗಿನವರನ್ನೆಲ್ಲ ಆಚೆ ಕಳಿಸಿ. ಇಲ್ಲ, ನೀವು ಆಚೆ ನಡೀರಿ.”

ಸೋಮಲಿಂಗನಿಗೆ ಮನೆ ನೆನಪಾಯಿತು, ಸಂಬಳ ನೆನಪಾಯಿತು. ಪುಟ್ಟತಾಯಮ್ಮನ ಕೈಯಿಂದ ತಂಬಿಗೆ ತೆಗೆದುಕೊಂಡು, ಅಧ್ಯಕ್ಷರ ಕಣ್ಣೆದುರೇ ಹೊಂಗೆಯ ಬುಡಕ್ಕೆ ಸುರಿದ.

“ಇಲ್ಲಿ ಹೊರಗಿನವರು ಯಾರೂ ಇಲ್ಲ ಸಾರ್,” ಅಂದ.

ಅಧ್ಯಕ್ಷರು ಅಯ್ಯನವರ ಕಡೆ ತಿರುಗಿದರು. “ಇದೆಲ್ಲ ನಿಮ್ಮ ಕಿತಾಪತಿ ಅಂತ ಗೊತ್ತು. ಇವತ್ತೇ ಗೇಟಿಗೆ ಹೊಸ ಬೀಗ ಹಾಕಿಸ್ತೀನಿ.”

ಅಯ್ಯನವರು ಒದ್ದೆ ಮಣ್ಣಿನ ಮೇಲೆ ಇನ್ನಷ್ಟು ಆರಾಮಾಗಿ ಕೂತರು.

“ಹಾಕಿಸಪ್ಪ. ಬೀದಿ ಆಗಲೇ ಒಳಗೆ ಬಂದಾಯ್ತು.”